ಹೆಡ್‌ಲೈಟಿನ ಕಪ್ಪು ಬೊಟ್ಟು

ನಮ್ಮ ಮನೆಯ ಸಜ್ಜದ ಮೇಲೆ ಒಂದು ಲಾರಿ ಇದೆ. ನಗಬೇಡಿ, ನಿಜವಾಗಿಯೂ ಇದೆ. ಮದುವೆಯಲ್ಲಿ ಬಂದ ಹಿತ್ತಾಳೆ ಹಂಡೆಗೂ ಯಾರೂ ಹೊದೆಯದ ರಜಾಯಿಗಳ ಗಂಟಿಗೂ ನಡುವೆ, ಹಳೆಯ ಲುಂಗಿಯೊಂದನ್ನು ಹೊದ್ದುಕೊಂಡು ಕೂತಿದೆ. ಆಯುಧಪೂಜೆಗೆ ಕೆಳಗಿಳಿಯುತ್ತದೆ, ಮೈ ಒರೆಸಿಸಿಕೊಳ್ಳುತ್ತದೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿಕೊಂಡು ಮತ್ತೆ ಮೇಲೆ ಹತ್ತುತ್ತದೆ. ಅದು ಓಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಗುಜರಿಗೆ ಹಾಕಿ ಎಂದು ನನ್ನ ಹೆಂಡತಿ ಪ್ರತಿ ವರ್ಷ ಹೇಳುತ್ತಾಳೆ. ಮುಂದಿನ ವರ್ಷ ನೋಡೋಣ ಎಂದು ನಾನೂ ಪ್ರತಿ ವರ್ಷ ಹೇಳುತ್ತೇನೆ.

ಅದು ನೆನಪಾದದ್ದು ಮೊನ್ನೆ ಹೊಸೂರು-ಬಾಗಲೂರು ರಸ್ತೆಯಲ್ಲಿ. ಸಂಜೆ ಬೈಕಿನಲ್ಲಿ ಬರುತ್ತಿದ್ದೆ. ಎದುರಿಗೆ ಬಂದ ಕಾರಿನ ಬಿಳಿ ದೀಪ ಕಣ್ಣಿಗೆ ಹೊಡೆದ ರಭಸಕ್ಕೆ ರಸ್ತೆ ಯಾವುದು ಚರಂಡಿ ಯಾವುದು ತಿಳಿಯದೆ ಬೈಕನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟೆ. ಕಾರಿನವನ ಮೂರು ತಲೆಮಾರನ್ನೂ ಮನಸ್ಸಿನಲ್ಲೇ ವಿಚಾರಿಸಿಕೊಂಡೆ. ಆಮೇಲೆ ನಗು ಬಂತು. ಏಕೆಂದರೆ ಈ ಬಿಳಿ ದೀಪದ ಹಾವಳಿಯನ್ನು ಬಾಗಲೂರಿನಲ್ಲಿ ಮೊದಲು ಶುರುಮಾಡಿದ ಮಹಾನುಭಾವ ಬಹುಶಃ ನಾನೇ.

ಲಾರಿ ಎಂದೆನಲ್ಲ, ಅದು ರಿಮೋಟಿನಿಂದ ಓಡುವ ಲಾರಿ. ಆದರೆ ಅಂಗಡಿಯವರು ಗಾಜಿನ ಬೀರುವಿನಲ್ಲಿ ಇಟ್ಟು ಮಾರುತ್ತಾರಲ್ಲ, ಆ ಜಾತಿಯದಲ್ಲ. ಒಂದು ಟೊಮೇಟೊ ಕ್ರೇಟಿನಷ್ಟು ಉದ್ದಗಲ, ಗಂಟುಗಂಟಾದ ರಬ್ಬರಿನ ದಪ್ಪ ಚಕ್ರಗಳು, ನಾಲ್ಕೂ ಮೂಲೆಗೆ ಸ್ಪ್ರಿಂಗು. ಕಲ್ಲು, ಗುಂಡಿ, ಉತ್ತ ಹೊಲ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ನಾನಾಗ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೆ. ಹೊಸ ಪ್ರೆಸ್ ಮೆಷಿನ್ ಕೂರಿಸಲು ಜರ್ಮನಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಭಾನುವಾರ ಬಂದರೆ ಬೇರೆ ಇಂಜಿನಿಯರುಗಳು ಬೆಂಗಳೂರಿಗೆ ಓಡಿದರೆ ಈ ಪುಣ್ಯಾತ್ಮ ಒಂದು ಬಂಡೆ ಹುಡುಕಿಕೊಂಡು ಹೋಗಿ ಅದರ ಮೇಲೆ ಈ ಲಾರಿ ಹತ್ತಿಸುತ್ತಿದ್ದ. ಒಂದು ಸಲ ಮೋಟಾರಿನ ವೈರು ಸುಟ್ಟಾಗ ನಾನು ಬೆಸುಗೆ ಹಾಕಿ ಕೊಟ್ಟಿದ್ದೆ. ಊರಿಗೆ ಹೊರಡುವ ದಿನ ಅದನ್ನು ತಂದು ನನ್ನ ಟೂಲ್ ಬಾಕ್ಸಿನ ಪಕ್ಕ ಇಟ್ಟು, ನನ್ನ ಬೆನ್ನು ತಟ್ಟಿ ಹೋದ. ಅಲ್ಲಿಂದ ಮುಂದೆ ಮದುವೆಯಾಗಿದ್ದ, ಮೀಸೆ ಬಂದಿದ್ದ ನಾನು ಭಾನುವಾರ ಬಂದರೆ ಲೇಔಟಿನ ಖಾಲಿ ಸೈಟುಗಳಲ್ಲಿ ಆಟ ಆಡತೊಡಗಿದೆ.

ಹೇಳಿಕೊಳ್ಳಲು ನಾಚಿಕೆ, ಆ ಆಟ ನನಗೆ ಬರುತ್ತಿರಲಿಲ್ಲ. ಲಾರಿ ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ, ಬಲ ಎಂದರೆ ಬಲ. ಅದೇ ತಿರುಗಿ ನಮ್ಮ ಕಡೆ ಬರುವಾಗ ಎಡಬಲ ಅದಲು ಬದಲು. ನಾನು ಎಡಕ್ಕೆ ತಿರುಗಿಸಿದರೆ ಅದು ನನ್ನ ಬಲಕ್ಕೆ ಓಡಿ ಮೋರಿಗೆ ಬೀಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಪಂಚಾಯಿತಿಯವರ ಮೋರಿ ಸರಿಯಿಲ್ಲ ಎನ್ನುತ್ತಿದ್ದೆ.

ಇನ್ನು ನಮ್ಮಪ್ಪನ ವಿಷಯಕ್ಕೆ ಬರಬೇಕು. ಲಾರಿಯ ಮಾತು ತೆಗೆದು ಅಪ್ಪನ ಮಾತು ತೆಗೆಯದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಅಪ್ಪ ನಿಜವಾದ ಲಾರಿಯ ಡ್ರೈವರ್. ಮಾಲೂರು ಕಡೆಯಿಂದ ಹೊಸೂರಿನ ಪಕ್ಕದ ಈ ಬಾಗಲೂರಿಗೆ ಬಂದು ನೆಲೆ ನಿಂತದ್ದೇ ಲಾರಿಯ ದೆಸೆಯಿಂದ. ಕೃಷ್ಣಗಿರಿಯಿಂದ ಮಾವು ಹೊತ್ತು ಊರೂರು ತಿರುಗಿದವನು. ಮನೆಯಲ್ಲಿ ಕನ್ನಡ, ಲೋಡಿಂಗ್ ಜಾಗದಲ್ಲಿ ತಮಿಳು, ಎಂಜಿನ್ ಕೈಕೊಟ್ಟರೆ ಮಾತ್ರ ತೆಲುಗು. ಬೇಸಿಗೆ ರಜೆಯಲ್ಲಿ ನನ್ನನ್ನೂ ಕ್ಯಾಬಿನ್ನಿನಲ್ಲಿ ಕೂರಿಸಿಕೊಳ್ಳುತ್ತಿದ್ದ. ಎಂಜಿನ್ನಿನ ಪೆಟ್ಟಿಗೆಯ ಮೇಲೆ ಕಂಬಳಿ ಹಾಸಿ ಕೂರಿಸಿದರೆ ಕೆಳಗಿನಿಂದ ಕಾವು, ಮೇಲಿನಿಂದ ಬಿಸಿಲು, ನಡುವೆ ಬೇಯುವ ನಾನು. ಅಪ್ಪನಿಗೆ ತೂಕಡಿಕೆ ಬರಬಾರದೆಂದು ಶಾಲೆಯಲ್ಲಿ ಕಲಿತ ತಮಿಳು ಮಗ್ಗಿಯನ್ನು ಗಟ್ಟಿಯಾಗಿ ಹೇಳುವುದು ನನ್ನ ಕೆಲಸ. ಏಳರ ಮಗ್ಗಿಯಲ್ಲಿ ನಾನೇ ನಿದ್ದೆ ಹೋಗುತ್ತಿದ್ದೆ.

ಆ ದಿನಗಳಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಒಂದಿತ್ತು. ಗಾಡಿಯ ಹೆಡ್‌ಲೈಟಿನ ಗಾಜಿಗೆ ನಡುವೆ ಒಂದು ಕಪ್ಪು ಬೊಟ್ಟು ಇರಬೇಕೆಂದು ಆಗ ಪದ್ಧತಿ. ಎದುರಿಗೆ ಬರುವವರ ಕಣ್ಣು ಕುಕ್ಕಬಾರದು ಎಂದು. ಆ ಬೊಟ್ಟು ಮಾಸಿದರೆ ಅಪ್ಪ ಗಾಡಿ ತೆಗೆಯುತ್ತಿರಲಿಲ್ಲ. ಗಾಜನ್ನು ಪೇಪರಿನಲ್ಲಿ ಉಜ್ಜಿ, ಪೇಂಟಿನ ಡಬ್ಬಿಗೆ ಬೆರಳದ್ದಿ, ಕೂಸಿಗೆ ದೃಷ್ಟಿಬೊಟ್ಟು ಇಡುವ ಹಾಗೆ ಒಂದೇ ಸಲಕ್ಕೆ ನಟ್ಟನಡುವೆ ಒತ್ತುತ್ತಿದ್ದ. ಅಳತೆ ಇಲ್ಲ, ಗೆರೆ ಇಲ್ಲ. ಕೊನೆಗೆ ಮನೆಯ ಮೊಪೆಡ್ಡಿಗೂ ಬೊಟ್ಟು ಇಟ್ಟ. ನಾನೊಮ್ಮೆ ಇದೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಹೇಳಿದ್ದ, "ನಿನ್ ದಾರಿ ನೀನು ನೋಡ್ಕೊಂಡ್ರೆ ಸಾಲ್ದು ಕಣ್ಲಾ. ಎದುರ್ಗಡೆ ಬರೋನ್ ಕಣ್ಣೂ ನಿಂದೇ ಅಂದ್ಕಂಡು ಓಡಿಸ್ಬೇಕು."

ವಯಸ್ಸಾದ ಮೇಲೆ ಲಾರಿ ಬಿಟ್ಟ. ಸುಮ್ಮನೆ ಕೂರುವ ಜಾಯಮಾನವಲ್ಲ. ಬಾಗಲೂರಿನ ಮುನಿರಾಜಣ್ಣ ಎಂಬವರು ಒಂದು ಸ್ಕೂಲ್ ವ್ಯಾನು ಇಟ್ಟಿದ್ದರು. ಸುತ್ತಲಿನ ಹಳ್ಳಿ, ಲೇಔಟುಗಳ ಮಕ್ಕಳನ್ನು ತುಂಬಿಕೊಂಡು ಹೊಸೂರಿನ ಶಾಲೆಗೆ ಬಿಟ್ಟು ಬರುವ ವ್ಯಾನು. ಅಪ್ಪ ಅದರ ಡ್ರೈವರ್ ಆದ. ತಾತ ಎಂದರೆ ಮೂರು ಭಾಷೆಯ ಮಕ್ಕಳಿಗೂ ತಾತನೇ, ಹಾಗಾಗಿ ಎಲ್ಲರೂ ತಾತ ಎಂದೇ ಕರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಕೋಳಿಯನ್ನೂ ಗುದ್ದಿದವನಲ್ಲ ಎಂಬ ಹೆಮ್ಮೆ ಅಪ್ಪನಿಗಿತ್ತು. ನಮಗೂ ಇತ್ತು.

ತೊಂದರೆ ಶುರುವಾದದ್ದು ಅಲ್ಲಿಂದ. ಅಪ್ಪನ ಕಣ್ಣು ಮಂಜಾಗುತ್ತಿದೆ ಎಂಬುದು ಅಮ್ಮನಿಗೆ ಮೊದಲು ಗೊತ್ತಾಯಿತು. ಸಾರಿನಲ್ಲಿ ಕರಿಬೇವನ್ನು ಹುಡುಕಿ ಎತ್ತಿಡುತ್ತಿದ್ದವನು ಈಗ ಹಾಗೆಯೇ ಅಗಿಯುತ್ತಿದ್ದ. ಪೇಪರು ಹಿಡಿದು ಕೂರುತ್ತಿದ್ದ, ಆದರೆ ಓದಿದ ಸುದ್ದಿಯನ್ನು ಯಾರಿಗೂ ಹೇಳುತ್ತಿರಲಿಲ್ಲ. ಕಣ್ಣು ತೋರಿಸು ಎಂದರೆ ಸಿಡುಕು. ಪೊರೆ ತೆಗೆಯುವ ಉಚಿತ ಕ್ಯಾಂಪು ನಡೆಯುತ್ತದೆ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗುತ್ತ ಹೋದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದ. ಕಣ್ಣಿಗೆ ಪಟ್ಟಿ ಬಿದ್ದ ಡ್ರೈವರಿಗೆ ಮತ್ತೆ ಯಾರೂ ಕೀ ಕೊಡುವುದಿಲ್ಲ ಎಂಬ ಭಯ ಅದು. ಡ್ರೈವರುಗಳ ನಡುವೆ ಬಾಳಿದವನಿಗೆ ಆ ಭಯ ಸುಳ್ಳೂ ಅಲ್ಲ. ಚಳಿಗಾಲ ಹತ್ತಿರ ಬರುತ್ತಿತ್ತು. ನಮ್ಮ ಕಡೆ ಬೆಳಗಿನ ಮಂಜು ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ, ಎದುರಿನ ಮನೆ ಕಾಣುವುದಿಲ್ಲ. ಮಂಜು ಬೀಳುವುದರೊಳಗೆ ಅಪ್ಪನನ್ನು ವ್ಯಾನಿನಿಂದ ಇಳಿಸು ಎಂದು ಅಮ್ಮ ನನಗೆ ಹೇಳಿದಳು. ಬೆಕ್ಕಿಗೆ ಗಂಟೆ ಕಟ್ಟುವವನು ನಾನೇ ಆಗಬೇಕಿತ್ತು. ಆಯ್ತು ಎಂದವನೇ ರಿಮೋಟು ಹಿಡಿದು ಸೈಟಿನ ಕಡೆ ಹೋದೆ.

ಮಾಡಬೇಕಾದ ಕೆಲಸ ಕಷ್ಟವಾದಾಗ ಬೇಡದ ಕೆಲಸದಲ್ಲಿ ಎಂಥ ಶ್ರದ್ಧೆ ಬರುತ್ತದೆ ನೋಡಿ. ಆ ವಾರವೇ ನನಗೆ ಲಾರಿಗೆ ಹೆಡ್‌ಲೈಟು ಹಾಕಬೇಕು ಅನ್ನಿಸಿತು. ಜರ್ಮನಿಯವನು ಕೊಟ್ಟ ಲಾರಿಗೆ ಕಣ್ಣಿನ ಜಾಗದಲ್ಲಿ ಬರೀ ಸ್ಟಿಕರು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸದಾಗಿ ಬಂದಿದ್ದ, ಉರಿದರೆ ನೋಡಲಾಗದಂಥ ಬಿಳಿ ಎಲ್‌ಇಡಿಗಳನ್ನು ತಂದೆ. ಹಳೆಯ ಸೈಕಲ್ ಡೈನಮೋ ದೀಪದ ಎರಡು ಬಟ್ಟಲು ಗುಜರಿಯಲ್ಲಿ ಸಿಕ್ಕವು, ಗಾಜಿನ ಸಮೇತ. ಒಂದೊಂದು ಬಟ್ಟಲಿಗೆ ಒಂದೊಂದೇ ಎಲ್‌ಇಡಿ.

ಕಾರ್ಖಾನೆಯಲ್ಲಿ ನಾನೂರು ವೋಲ್ಟಿನ ಪ್ಯಾನೆಲ್ಲಿಗೆ ಕೈ ಹಾಕಿ ಹೆಸರು ಮಾಡಿದವನು ನಾನು. ಮೂರು ವೋಲ್ಟಿನ ಈ ಮೆಣಸಿನಕಾಳಿಗೆ ಏನು ಹೆದರುವುದು ಎಂದು ನೇರವಾಗಿ ಬ್ಯಾಟರಿಗೆ ಕೊಟ್ಟೆ. ಫಳ್ ಎಂದು ಒಮ್ಮೆ ಹೊಳೆದು, ಸುಟ್ಟ ಹುಣಸೆಬೀಜದಂಥ ವಾಸನೆ ಬಿಟ್ಟು ಆರಿಹೋಯಿತು. ಎರಡನೆಯದಕ್ಕೂ ಅದೇ ಗತಿ. ಮತ್ತೆ ಎಸ್.ಪಿ. ರೋಡು. ಈ ಸಲ ಕರೆಂಟನ್ನು ತಡೆದು ಬಿಡುವ ರೆಸಿಸ್ಟರ್ ಸೇರಿಸಿ, ಎಲ್‌ಇಡಿಯ ಬೆನ್ನಿಗೆ ಕಾವು ಹೀರಲು ಅಲ್ಯುಮಿನಿಯಂ ತುಂಡು ಬಿಗಿದು, ದೀಪಕ್ಕೆಂದೇ ಬೇರೆ ಬ್ಯಾಟರಿ ಇಟ್ಟೆ. ಸ್ವಿಚ್ಚು ಒತ್ತಿದರೆ ಹಗಲಿನಲ್ಲೇ ಎದುರು ಗೋಡೆಯ ಮೇಲೆ ಬಿಳಿ ಬೆಳಕು ಬಿತ್ತು. ಅಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಿ ನೋಡಿ, ಅಪ್ಪನ ಹತ್ತಿರ ಮಾತಾಡಿದೆಯಾ ಎಂದು ಕೇಳಿದಳು. ಮಾತಾಡ್ತೀನಿ ಎಂದೆ.

ಅಪ್ಪ ಹೊರಗಿನಿಂದ ಬಂದವನು ಆ ಬೆಳಕು ನೋಡಿ ಮುಖಕ್ಕೆ ಕೈ ಅಡ್ಡ ಹಿಡಿದ. ಎದುರಿಗೆ ಬರುವವನು ಏನಾಗಬೇಕು ಎಂದು ಬೈದ. ಸೈಟಿನಲ್ಲಿ ಎದುರಿಗೆ ಬರುವುದು ನಾಯಿ ಮಾತ್ರ ಎಂದು ನಾನು ಹೇಳಿದ್ದಕ್ಕೆ, ನಾಯಿಗೂ ಕಣ್ಣಿರುತ್ತದೆ ಎಂದ. ಒಳಗೆ ಹೋಗಿ ಕಪ್ಪು ಪೇಂಟಿನ ಡಬ್ಬಿ ತಂದ. ಜಗಲಿಯ ಮೇಲೆ ಬಿಸಿಲಿಗೆ ಲಾರಿಯನ್ನು ಇಟ್ಟುಕೊಂಡು, ಗಾಜು ಉಜ್ಜಿ, ಬೆರಳದ್ದಿ, ಹಿಂದಿನ ಹಾಗೆಯೇ ಒಂದೇ ಸಲಕ್ಕೆ ಒತ್ತಿದ. ಆ ಕಡೆಯದಕ್ಕೂ ಒತ್ತಿದ. ಹಿಂದಕ್ಕೆ ಸರಿದು ನೋಡಿ, ಈಗ ಸರಿಯಾಯ್ತು ಎಂದು ಕೈ ತೊಳೆಯಲು ಹೋದ.

ಒಂದು ಬೊಟ್ಟು ಗಾಜಿನ ಅಂಚಿನಲ್ಲಿ ಅರ್ಧ, ಬಟ್ಟಲಿನ ತಗಡಿನ ಮೇಲೆ ಅರ್ಧ ಬಿದ್ದಿತ್ತು. ಇನ್ನೊಂದು ದೀಪದ ಮೇಲೆ ಬಿದ್ದೇ ಇರಲಿಲ್ಲ. ಪಕ್ಕದಲ್ಲಿ, ಲಾರಿಯ ಕೆಂಪು ಬಾನೆಟ್ಟಿನ ಮೇಲೆ ದುಂಡಗೆ ಕೂತಿತ್ತು.

ಅಪ್ಪ ತಿರುಗಿ ಬರುವುದರೊಳಗೆ ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ಎರಡನ್ನೂ ಒರೆಸಿ, ಸರಿಯಾದ ಜಾಗದಲ್ಲಿ ಬೊಟ್ಟು ಇಟ್ಟೆ. ಪಕ್ಕದ ಮನೆಯವರು ಯಾರಾದರೂ ನೋಡಿ ನಕ್ಕರೆ ಎಂದು. ಅಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ದನಿ ಏರಿಸಲಿಲ್ಲ.

"ಇದುನ್ನೇನೋ ಒರೆಸ್ಬುಟ್ಟೆ. ನಾಳೆ ವ್ಯಾನಿಗೆ ಒಂದು ಮಗ ಅಡ್ಡ ಬಂದ್ರೆ ಅದುನ್ನ ಯಾವ ಸೀಮೆಣ್ಣೇಲಿ ಒರೆಸ್ತೀಯಪ್ಪ?"

ಅವತ್ತು ಭಾನುವಾರ. ಬೆಳಗಾದರೆ ಮಕ್ಕಳು ಗೇಟಿನ ಮುಂದೆ ಬ್ಯಾಗು ಹಾಕಿಕೊಂಡು ನಿಂತಿರುತ್ತಾರೆ. ಅಷ್ಟರೊಳಗೆ ಹೇಳಬೇಕು. ಊಟದ ಹೊತ್ತಿನಲ್ಲಿ ಹೇಳೋಣ ಎಂದುಕೊಂಡೆ, ಅಪ್ಪ ಮುದ್ದೆ ಮುರಿಯುವುದನ್ನು ನೋಡಿ ಬಾಯಿ ಬರಲಿಲ್ಲ. ಮಲಗಿ ಎದ್ದ ಮೇಲೆ ಎಂದುಕೊಂಡೆ. ಎದ್ದವನು ತಾನಾಗಿಯೇ, ಎಲ್ಲಿ ನಿನ್ನ ಗಾಡಿ, ಲೈಟು ಹೆಂಗೈತೆ ನೋಡಾನ ನಡಿ ಎಂದ. ದಾರಿಯಲ್ಲಿ ಹೇಳಬೇಕೆಂದು ಗಟ್ಟಿಮನಸ್ಸು ಮಾಡಿ ಲಾರಿ ಹೊತ್ತುಕೊಂಡು ಹೊರಟೆ.

ಅದು ಎರಡು ಸಾವಿರದ ಎಂಟರ ಆಸುಪಾಸು. ತಮಿಳುನಾಡಿನಲ್ಲಿ ಕರೆಂಟಿಗೆ ಬರ. ಹೊತ್ತು ಮುಳುಗುವುದಕ್ಕೂ ಬೀದಿದೀಪ ಹೋಗುವುದಕ್ಕೂ ಸರಿಹೋಯಿತು. ಲೇಔಟು ಪೂರಾ ಮಬ್ಬು. ಗಡಿಕಲ್ಲುಗಳು, ಅಲ್ಲಲ್ಲಿ ಜಲ್ಲಿಯ ರಾಶಿ, ಬಿಟ್ಟರೆ ನಾವಿಬ್ಬರೇ. ಸ್ವಿಚ್ಚು ಒತ್ತಿ ಲಾರಿಯನ್ನು ನೆಲಕ್ಕೆ ಬಿಟ್ಟು ರಿಮೋಟನ್ನು ಅಪ್ಪನ ಕೈಗೆ ಕೊಟ್ಟೆ. ಈ ಎಡಬಲದ ತಾಪತ್ರಯವನ್ನೂ ವಿವರಿಸಿದೆ. ಅಪ್ಪ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಲಾರಿಯನ್ನು ದೂರಕ್ಕೆ ಬಿಟ್ಟ, ಜಲ್ಲಿ ಹತ್ತಿಸಿದ, ಇಳಿಸಿದ, ತಿರುಗಿಸಿದ. ನಾನು ತಿಂಗಳುಗಟ್ಟಲೆ ಮೋರಿಗೆ ಬೀಳಿಸಿದ ಆಟವನ್ನು ಮೊದಲನೇ ಸಲಕ್ಕೇ ಆಡಿದ. ಸಂದಿಗೊಂದಿಯ ಗೋಡೌನುಗಳಿಗೆ ಲೋಡ್ ಗಾಡಿಯನ್ನು ರಿವರ್ಸ್ ಹಾಕಿದ ಕೈ ಅದು. ನನಗೆ ಖುಷಿಯಾಯಿತು, ಹೆಮ್ಮೆಯಾಯಿತು, ಹೇಳಬೇಕಾದ ಮಾತು ಇನ್ನಷ್ಟು ಒಳಗೆ ಹೋಯಿತು.

ಲಾರಿ ನಮ್ಮ ಕಡೆಗೆ ಮುಖ ಮಾಡಿ ಬರುತ್ತಿತ್ತು. ಅರ್ಧ ದಾರಿಯಲ್ಲಿ ಅಪ್ಪ ಅದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಎಷ್ಟ್ ಲೈಟು ಹಾಕಿದ್ದೀಯಲಾ ಇದ್ಕೆ?"

"ಎರಡೇ ಕಣಪ್ಪ."

"ಸುಳ್ಳು ಹೇಳ್ಬ್ಯಾಡ. ಆರೋ ಏಳೋ ಅವೆ."

ಅಪ್ಪ ರಿಮೋಟನ್ನು ನನ್ನ ಕೈಗೆ ಕೊಟ್ಟು ಲಾರಿಯ ಹತ್ತಿರ ನಡೆದುಕೊಂಡು ಹೋದ. ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿ ಒಂದು ದೀಪವನ್ನು ಮುಚ್ಚಿದ. ಇನ್ನೊಂದು ಕೈಯಿಂದ ಇನ್ನೊಂದನ್ನು ಮುಚ್ಚಿದ. ಕತ್ತಲಾಯಿತು. ಎರಡು ಅಂಗೈಗೆ ಮೂರನೆಯ ದೀಪ ಸಿಗಲಿಲ್ಲ. ಕೈ ತೆಗೆದ, ಮತ್ತೆ ಮುಚ್ಚಿದ. ಆಮೇಲೆ ಎದ್ದು, ಮನೆಗೆ ಹೋಗಾನ ಎಂದ. ದಾರಿಯುದ್ದಕ್ಕೂ ನಾನು ಲಾರಿ ಹೊತ್ತು ಹಿಂದೆ, ಅಪ್ಪ ಮುಂದೆ. ನಾನು ಹೇಳಬೇಕಾದದ್ದನ್ನು ಆ ಹಾಳು ದೀಪಗಳೇ ಹೇಳಿಬಿಟ್ಟವಲ್ಲ ಎಂದು ನನಗೆ ಒಂದು ಕಡೆ ನಿರಾಳ. ಅಪ್ಪನ ಬೆನ್ನು ನೋಡಿದರೆ ಅಳು.

ಆದರೆ ಬೆಳಗಾಗೆದ್ದು ನೋಡುತ್ತೇನೆ, ಅಪ್ಪ ಎಂದಿನಂತೆ ಖಾಕಿ ಶರ್ಟು ಹಾಕಿಕೊಂಡು ಹೊರಟು ನಿಂತಿದ್ದಾನೆ. ಅಮ್ಮ ನನ್ನ ಮುಖ ನೋಡಿದಳು. ನನಗೆ ಸೆಕೆಂಡ್ ಶಿಫ್ಟು. ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿದೆ. ಇವತ್ತು ಗಾಡಿಗೆ ಅಡ್ಡ ಮಲಗಿಯಾದರೂ ನಿಲ್ಲಿಸುತ್ತೇನೆ ಎಂದು ನಿರ್ಧಾರ ಮಾಡಿದ್ದೆ. ನಾನು ಮುನಿರಾಜಣ್ಣನ ಮನೆ ಮುಟ್ಟುವ ಹೊತ್ತಿಗೆ ಅಪ್ಪ ಆಗಲೇ ಕೀ ಕೊಟ್ಟು ಆಗಿತ್ತು. ಕಣ್ಣು ಸರಿಯಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಇಷ್ಟೇ ಹೇಳಿದನಂತೆ. ಮುನಿರಾಜಣ್ಣ ಆ ಕ್ಷಣಕ್ಕೆ ತಮ್ಮ ಟೆಂಪೊ ಓಡಿಸುವ ಸೆಲ್ವಂನನ್ನು ಕರೆಸಿದ್ದರು. ಸೆಲ್ವಂಗೆ ದಾರಿ ಗೊತ್ತು, ಆದರೆ ಮಕ್ಕಳ ಮನೆ ಗೊತ್ತಿಲ್ಲ. ಇವತ್ತೊಂದು ದಿನ ನಾನು ತೋರಿಸಿಕೊಡುತ್ತೇನೆ ಎಂದು ಅಪ್ಪ ವ್ಯಾನಿನ ಎಡಗಡೆ ಸೀಟಿಗೆ ಹತ್ತಿದ. ಜೀವನದಲ್ಲಿ ಅಪ್ಪ ಆ ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ. ಯಾರೂ ಕರೆಯದಿದ್ದರೂ ನಾನೂ ಹಿಂದೆ ಹತ್ತಿ, ಪುಟ್ಟ ಸೀಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ಕೊಟ್ಟುಕೊಂಡು ಕೂತೆ.

ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಅಪ್ಪ ಮುಂದೆ ನೋಡುತ್ತ ಒಂದೇ ಸಮನೆ ಹೇಳುತ್ತ ಹೋದ. ಇಲ್ಲಿ ಒಂದು ಹಾರನ್ನು ಸಾಕು, ಅಜ್ಜಿ ಕರ್ಕೊಂಡು ಬತ್ತಾಳೆ. ಇಲ್ಲಿ ಹಾರನ್ನು ಹೊಡೀಬ್ಯಾಡ, ಒಳಗೆ ಹಸುಗೂಸೈತೆ. ಈ ಹುಡುಗಿಗೆ ಗಾಡಿ ಹತ್ತಿದರೆ ವಾಂತಿ, ಕಿಟಕಿ ಪಕ್ಕ ಕೂರಿಸು. ಒಂದು ಮನೆಯೂ ತಪ್ಪಲಿಲ್ಲ. ಸೆಲ್ವಂ ಎಲ್ಲದಕ್ಕೂ ಸರಿಣ್ಣಾ ಸರಿಣ್ಣಾ ಎನ್ನುತ್ತಿದ್ದ. ತಾತ ಯಾಕೆ ಈ ಕಡೆ ಕೂತಿದ್ದಾನೆ ಎಂದು ಮಕ್ಕಳು ಕೇಳಿದವು. ಇವತ್ತು ನಾನೂ ನಿಮ್ಮ ಥರಾ ಸ್ಕೂಲಿಗೆ ಹೋಗ್ತಾ ಇದ್ದೀನಿ ಎಂದ. ಎಲ್ಲ ನಕ್ಕವು. ನಾನೂ ನಕ್ಕೆ.

ಕೆರೆಯ ಅಂಚಿನಲ್ಲಿ ರಸ್ತೆ ತಿರುಗುವ ಕಡೆ ಬಂದಾಗ ಅಪ್ಪ ಸೆಲ್ವಂನ ತೋಳು ಹಿಡಿದ.

"ಇಲ್ಲಿ ನಿಧಾನ ಕಣಪ್ಪ. ಎಡಕ್ಕೆ ದೊಡ್ಡ ಬಂಡೆಗಲ್ಲೈತೆ. ಬಲಕ್ಕೆ ಎಳ್ಕೊಂಡು ಹೋಗು."

ಸೆಲ್ವಂ ಬ್ರೇಕು ಹಾಕಿ ಎಡಕ್ಕೆ ನೋಡಿದ. ನಾನೂ ಬಗ್ಗಿ ನೋಡಿದೆ. ಅಲ್ಲಿ ಜಲ್ಲಿ ಹಾಕಿ ಅಗಲ ಮಾಡಿದ ರಸ್ತೆ, ಅದರಾಚೆ ಗುಲಾಬಿ ತೋಟದ ಬೇಲಿ. ಕಲ್ಲು ಇರಲಿಲ್ಲ.

ಕಲ್ಲು ಎಲ್ಲಿದೆ ಅಣ್ಣ ಎಂದು ಸೆಲ್ವಂ ಕೇಳುವುದರೊಳಗೆ, ವಾಂತಿ ಮಾಡುವ ಹುಡುಗಿ ಕಿಟಕಿಯಿಂದ ಮುಖ ತಿರುಗಿಸಿ ಹೇಳಿದಳು, "ಆ ಕಲ್ಲು ಯಾವಾಗ್ಲೋ ಎತ್ತಾಕ್ಬುಟ್ರು ತಾತ. ನೀನೇ ಸುಮ್ನೆ ದಿನಾ ಸುತ್ತಾಕ್ಕೊಂಡು ಹೋಗ್ತಿದ್ದೆ. ನಾವೆಲ್ಲ ಆಟಕ್ಕೆ ಅನ್ಕೊಂಡಿದ್ವಿ."

ಬಲಗಡೆ ಕೆರೆಯ ನೀರು ರಸ್ತೆಗೆ ಹತ್ತಿಕೊಂಡೇ ಇತ್ತು. ತಡೆಗೋಡೆ ಇರಲಿಲ್ಲ. ಅಪ್ಪನಿಗೆ ನೀರು ಕಂಡಿತೋ ಇಲ್ಲವೋ ಗೊತ್ತಿಲ್ಲ. ಅದು ಅಲ್ಲಿದೆ ಎಂಬುದು ಮಾತ್ರ ಗೊತ್ತಿತ್ತು. ಸೆಲ್ವಂನ ತೋಳಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ವ್ಯಾನು ನೇರವಾಗಿ ಮುಂದೆ ಹೋಯಿತು.

ಮಕ್ಕಳೆಲ್ಲ ಇಳಿದು ಗೇಟಿನೊಳಗೆ ಹೋದ ಮೇಲೆ, ಖಾಲಿ ವ್ಯಾನಿನಲ್ಲಿ, ಹಿಂದಕ್ಕೆ ತಿರುಗದೆ ನನ್ನನ್ನು ಕೇಳಿದ.

"ಆ ಕಣ್ಣಿನ್ ಕ್ಯಾಂಪು ಯಾವತ್ತಂತೆ?"